ಸ್ಪೇಸ್ ಸ್ಟ್ರಾಟಜಿ ಗೇಮ್‌ಗಳಲ್ಲಿ ಅಡಗಿದ ಸಣ್ಣ ವಿವರಗಳನ್ನು ಹಿಡಿಯುವ ಬಗೆ

ಸ್ಪೇಸ್ ಸ್ಟ್ರಾಟಜಿ ಗೇಮ್ ಆಡುವಾಗ ಕಣ್ಣು ಬಹುಪಾಲು ಹೊತ್ತು ಐಕಾನ್, ಅಂಕಿ, ಪಟ್ಟಿಗಳ ಮೇಲೇ ಇರುತ್ತದೆ. ನೌಕೆಯ ಮೈಮೇಲೆ ಬರೆದ ಸಂಖ್ಯೆ, ಗ್ರಹದ ಕತ್ತಲ ಬದಿಯಲ್ಲಿ ಮಿನುಗುವ ನಗರದ ದೀಪ, ಫಿರಂಗಿ ಗೋಪುರದ ಆಕಾರ ಇವೆಲ್ಲ ಪರದೆಯ ಮೇಲಿದ್ದೂ ಕಾಣದೆ ಹೋಗುತ್ತವೆ. ಕಣ್ಣು ಕಿರಿದು ಮಾಡಿ ದಿಟ್ಟಿಸಿದರೆ ಅವು ಸಿಗುವುದಿಲ್ಲ. ಒಂದೇ ಜಾಗವನ್ನು, ಸಲಕ್ಕೆ ಒಂದೇ ಸಂಗತಿ ಬದಲಿಸುತ್ತ, ಮತ್ತೆ ಮತ್ತೆ ನೋಡಬೇಕು.

ಮೊದಲು ಸೆಟ್ಟಿಂಗ್ಸ್

ಹುಡುಕುವ ಮುನ್ನ, ವಿವರಗಳನ್ನು ಅಳಿಸಿಹಾಕುವ ಎಫೆಕ್ಟ್‌ಗಳನ್ನು ಆಫ್ ಮಾಡಿ. ಫಿಲ್ಮ್ ಗ್ರೇನ್, ಮೋಷನ್ ಬ್ಲರ್, ಕ್ರೊಮ್ಯಾಟಿಕ್ ಅಬರೇಶನ್, ಡೆಪ್ತ್ ಆಫ್ ಫೀಲ್ಡ್ ಈ ನಾಲ್ಕೂ ಬೇಡ. ಬ್ಲೂಮ್ ಇದ್ದರೆ ಎಂಜಿನ್ನಿನ ಹೊಳಪು ಅದರ ಸುತ್ತಲಿನ ಬರಹ, ಗೆರೆಗಳನ್ನು ನುಂಗಿಬಿಡುತ್ತದೆ. ನೌಕೆಯ ಹಿಂಭಾಗ ನೋಡುವಾಗಲಾದರೂ ಅದನ್ನು ತೆಗೆಯಿರಿ. ಟಿಎಎ ಎಂಬ ಆಂಟಿ ಅಲಿಯಾಸಿಂಗ್ (ಮೆಟ್ಟಿಲಿನಂತೆ ಕಾಣುವ ಅಂಚನ್ನು ನಯಗೊಳಿಸುವ ವಿಧಾನ) ಹಲವು ಫ್ರೇಮ್‌ಗಳನ್ನು ಬೆರೆಸಿ ಚಿತ್ರ ಕಟ್ಟುತ್ತದೆ, ಹಾಗಾಗಿ ಒಂದೆರಡು ಪಿಕ್ಸೆಲ್ ಅಗಲದ ಆಂಟೆನಾ, ಚಲಿಸುವ ಸಣ್ಣ ದೀಪಗಳು ಮಸುಕಾಗುತ್ತವೆ ಅಥವಾ ಹಿಂದೆ ಬಾಲ ಬಿಡುತ್ತವೆ. ಎಂಎಸ್‌ಎಎ ಎಂಬ ಇನ್ನೊಂದು ಬಗೆ ಇದ್ದರೆ ಅದನ್ನು ಆರಿಸಿ. ಆಟದಲ್ಲಿ ರೆಂಡರ್ ಸ್ಕೇಲ್ (ಚಿತ್ರವನ್ನು ಎಷ್ಟು ಪಿಕ್ಸೆಲ್‌ನಲ್ಲಿ ರಚಿಸಬೇಕೆಂಬ ಅಳತೆ) ಇದ್ದು ಕಂಪ್ಯೂಟರ್ ತಾಳಿಕೊಂಡರೆ ಅದನ್ನು ಏರಿಸುವುದು ಇನ್ನೂ ಒಳ್ಳೆಯದು. ಅಗಲ ಎತ್ತರ ಎರಡರಲ್ಲೂ 200% ಎಂದರೆ ನಾಲ್ಕು ಪಟ್ಟು ಪಿಕ್ಸೆಲ್, ಆದ್ದರಿಂದ ಆಟ ತಡವರಿಸುವುದು ಸಹಜ. ನೋಡಿ ಮುಗಿದ ಮೇಲೆ ಇಳಿಸಿಕೊಳ್ಳಿ.

ಟೆಕ್ಸ್ಚರ್ (ಮಾಡೆಲ್‌ಗೆ ಹೊದಿಸುವ ಚಿತ್ರ) ಮತ್ತು ಮಾಡೆಲ್ ಡಿಟೇಲ್ ಗರಿಷ್ಠ ಇರಲಿ, ಅನೈಸೊಟ್ರಾಪಿಕ್ ಫಿಲ್ಟರಿಂಗ್ 16ಎಕ್ಸ್ ಇರಲಿ. ಓರೆಯಾಗಿ ಕಾಣುವ ಮೇಲ್ಮೈ ಮೇಲಿನ ಅಕ್ಷರ ಓದಲು ಈ ಕೊನೆಯದೇ ಆಧಾರ. ಎಲ್ಲವೂ ಗರಿಷ್ಠದಲ್ಲಿದ್ದೂ ನೌಕೆ ಮಸಕಾಗಿದ್ದರೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತುಂಬಿರಬಹುದು. ಅನೇಕ ಆಟಗಳು ಆಗ ಏನೂ ಹೇಳದೆ ಕಡಿಮೆ ಗುಣಮಟ್ಟದ ಟೆಕ್ಸ್ಚರ್‌ಗೆ ಇಳಿಯುತ್ತವೆ. ಹತ್ತಿರ ಹೋಗಿ ಐದಾರು ಸೆಕೆಂಡ್ ಕಾದರೂ ಸ್ಪಷ್ಟವಾಗದಿದ್ದರೆ, ಅದೇ ಮೆಮೊರಿ ಬಳಸುವ ಬ್ರೌಸರ್ ಮುಚ್ಚಿ ಆಟವನ್ನು ಮತ್ತೆ ಶುರುಮಾಡಿ.

ಟಿವಿಗೆ ಎಚ್‌ಡಿಎಂಐ ಮೂಲಕ ಜೋಡಿಸಿ ಆಡುವವರು ಇನ್ನೊಂದು ವಿಷಯ ಗಮನಿಸಬೇಕು. ಕಂಪ್ಯೂಟರ್ 0ರಿಂದ 255ರವರೆಗಿನ ಪೂರ್ಣ ರೇಂಜ್ ಕಳಿಸುತ್ತಿದ್ದು, ಟಿವಿ 16ರಿಂದ 235ರವರೆಗಿನ ಸೀಮಿತ ರೇಂಜ್ ನಿರೀಕ್ಷಿಸುತ್ತಿದ್ದರೆ, 16ಕ್ಕಿಂತ ಕೆಳಗಿನ ಎಲ್ಲ ಛಾಯೆಗಳೂ ಒಂದೇ ಕಪ್ಪಾಗುತ್ತವೆ. ಬಾಹ್ಯಾಕಾಶದ ಆಟದಲ್ಲಿ ನೆರಳಿನೊಳಗಿನ ಬಹುತೇಕ ವಿವರ ಅಲ್ಲೇ ಇರುವುದು. ಎರಡೂ ಕಡೆ ಒಂದೇ ರೇಂಜ್ ಇಡಿ. ಬ್ರೈಟ್‌ನೆಸ್ ಏರಿಸುವುದು ಇದಕ್ಕೆ ಸರಿಯಾದ ಪರಿಹಾರವಲ್ಲ.

ನಿಲ್ಲಿಸಿ, ಹತ್ತಿರ ಹೋಗಿ, ಬೆಳಕು ನೋಡಿ

ಆಟವನ್ನು ಪಾಜ್ ಮಾಡಿ. ಪಾಜ್‌ನಲ್ಲೂ ಕ್ಯಾಮೆರಾ ತಿರುಗಿಸಬಹುದಾದ ಆಟಗಳೇ ಈ ಕೆಲಸಕ್ಕೆ ಸೂಕ್ತ, ಸ್ಟೆಲಾರಿಸ್ ಎಂಬ ಸ್ಪೇಸ್ ಸ್ಟ್ರಾಟಜಿ ಗೇಮ್ ಹಾಗೆಯೇ ಇದೆ. ನೌಕೆಯನ್ನು ಫೋಕಸ್ ಮಾಡಿ ಪೂರ್ತಿ ಹತ್ತಿರ ಬನ್ನಿ, ಆಮೇಲೆ ಮೌಸ್ ಚಕ್ರವನ್ನು ಒಂದೊಂದೇ ಹಲ್ಲಿನಷ್ಟು ತಿರುಗಿಸುತ್ತ ಹಿಂದೆ ಸರಿಯಿರಿ. ಒಂದು ಹಂತದಲ್ಲಿ ಮಾಡೆಲ್ ತಟಕ್ಕನೆ ಸರಳವಾಗುವುದು ಕಾಣುತ್ತದೆ: ಕಂಬಿ ಮಾಯ, ಕಿಟಕಿ ಸಾಲು ಚಪ್ಪಟೆ. ದೂರಕ್ಕೆ ತಕ್ಕಂತೆ ಹಗುರ ಮಾಡೆಲ್ ತೋರಿಸುವುದು ಗೇಮ್ ಎಂಜಿನ್‌ಗಳ (ಆಟ ನಡೆಸುವ ತಂತ್ರಾಂಶಗಳ) ಮಾಮೂಲು ಉಪಾಯ. ಆ ದೂರ ಎಷ್ಟೆಂದು ಗುರುತಿಟ್ಟುಕೊಂಡು, ಹುಡುಕಾಟವನ್ನೆಲ್ಲ ಅದರ ಒಳಗೇ ನಡೆಸಿ.

ಹತ್ತಿರ ಹೋದದ್ದಷ್ಟೇ ಸಾಲದು, ಬೆಳಕಿನ ಕೋನವೂ ಬೇಕು. ಹುಣ್ಣಿಮೆಯ ಚಂದ್ರನಲ್ಲಿ ಕುಳಿಗಳು ಚಪ್ಪಟೆ, ಅಷ್ಟಮಿಯಂದು ಹಗಲು ಇರುಳಿನ ಗಡಿಯಲ್ಲಿ ಅವೇ ಕುಳಿಗಳು ಎದ್ದು ಕಾಣುತ್ತವೆ. ನೌಕೆಯ ಮೈಯಲ್ಲೂ ಅಷ್ಟೇ. ನಕ್ಷತ್ರ ಕ್ಯಾಮೆರಾದ ಬೆನ್ನ ಹಿಂದಿದ್ದರೆ ಎಲ್ಲವೂ ಒಂದೇ ಬಣ್ಣದ ತಗಡು. ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಕಡೆ ನೋಡಿ, ಫಲಕಗಳ ಬೆಸುಗೆ ಗೆರೆ, ಉಬ್ಬು ಅಕ್ಷರ, ಹೊಡೆತದ ಗುರುತು ಅಲ್ಲಿ ತೋರುತ್ತವೆ. ಕ್ಯಾಮೆರಾ ತಿರುಗಿಸಿದರೆ ಮೈಮೇಲಿನ ಹೊಳಪಷ್ಟೇ ಜಾಗ ಬದಲಿಸುತ್ತದೆ, ನೆರಳು ಬದಲಾಗುವುದಿಲ್ಲ. ನೆರಳು ಬೇಕೆಂದರೆ ನೌಕೆಯನ್ನೇ ನಕ್ಷತ್ರದ ಇನ್ನೊಂದು ಬದಿಗೆ ಓಡಿಸಬೇಕು. ನಕ್ಷತ್ರಕ್ಕೆ ಎದುರಾಗಿ ನಿಂತು ನೋಡಿದರೆ ತಾವೇ ಬೆಳಗುವ ಕಿಟಕಿ, ದೀಪಗಳು ಕತ್ತಲ ಮೈಮೇಲೆ ಬೇರೆಯಾಗಿ ನಿಲ್ಲುತ್ತವೆ. ಗ್ರಹಗಳನ್ನಂತೂ ಎರಡೂ ಬದಿಯಿಂದ ನೋಡಲೇಬೇಕು. ಸ್ಟೆಲಾರಿಸ್‌ನಲ್ಲಿ ಜನ ನೆಲೆಸಿದ ಗ್ರಹದ ನಗರದ ದೀಪಗಳು ಇರುಳಿನ ಬದಿಯಲ್ಲೇ ಕಾಣುವುದು.

ಏನನ್ನು ನೋಡಬೇಕು

ಫಿರಂಗಿ ಗೋಪುರಗಳಿಂದ ಶುರುಮಾಡಿ, ಆಟಕ್ಕೆ ನೇರ ಲಾಭ ಅಲ್ಲಿದೆ. ಸ್ಟೆಲಾರಿಸ್‌ನಲ್ಲಿ ಜೋಡಿಸಿದ ಆಯುಧ, ನೌಕೆಯ ಭಾಗಗಳಿಗೆ ತಕ್ಕಂತೆ ಹೊರಗಿನ ರೂಪ ಬದಲಾಗುತ್ತದೆ. ಬ್ಯಾಟಲ್‌ಶಿಪ್‌ನ ಮೂತಿಯಲ್ಲಿ ಉದ್ದಕ್ಕೆ ಚಾಚಿದ ಒಂದೇ ಭಾರಿ ಆಯುಧ ಕಂಡರೆ ಅದು ಎಕ್ಸ್ ಸ್ಲಾಟ್, ಅಂದರೆ ಅತಿ ದೊಡ್ಡ ಆಯುಧಕ್ಕೆಂದೇ ಇರುವ ಜಾಗದ್ದು. ದೊಡ್ಡ ಗುರಿಗಳಿಗೆ ಅದು ಘೋರ, ತಪ್ಪಿಸಿಕೊಳ್ಳುವ ಸಣ್ಣ ಕಾರ್ವೆಟ್‌ಗಳ ಮುಂದೆ ಬಹಳಷ್ಟು ಗುಂಡು ವ್ಯರ್ಥ. ಅದೇ ಆಟದಲ್ಲಿ ಎರಡು ಕಿರಣ ಬೀಸುತ್ತ ತಿರುಗುವ ನಕ್ಷತ್ರ ಕಂಡರೆ ಅದು ಪಲ್ಸರ್. ಅಲ್ಲಿ ಶೀಲ್ಡ್ ಕೆಲಸ ಮಾಡದು, ಕವಚ ನಂಬಿದ ಪಡೆಯನ್ನೇ ಕಳಿಸಿ.

ದಿಕ್ಕಿನ ದೀಪಗಳು ಇನ್ನೊಂದು ಸೊಗಸಾದ ಸುಳಿವು. ಕಡಲ ಹಡಗಿನ ನಿಯಮದಂತೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇಡುವ ಕಲಾವಿದರು ಅನೇಕರು. ನಿಮ್ಮ ಬಲಕ್ಕೆ ಕೆಂಪು, ಎಡಕ್ಕೆ ಹಸಿರು ಕಂಡರೆ ನೌಕೆಯ ಮೂತಿ ನಿಮ್ಮತ್ತ ಇದೆ. ಎಲ್ಲ ಆಟಗಳೂ ಇದನ್ನು ಪಾಲಿಸುವುದಿಲ್ಲ, ಆದ್ದರಿಂದ ನಿಮ್ಮದೇ ನೌಕೆಯಲ್ಲಿ ಮೊದಲು ಪರೀಕ್ಷಿಸಿ. ಕಿಟಕಿ ಸಾಲುಗಳಿಂದ ಅಳತೆ ಊಹಿಸಬಹುದು: ಒಂದು ಅಂತಸ್ತಿಗೆ 3 ಮೀಟರ್ ಹಿಡಿದರೆ 20 ಸಾಲಿಗೆ ಸುಮಾರು 60 ಮೀಟರ್. ಮೈಮೇಲಿನ ಅಂಕಿಗಳನ್ನು ಎರಡೂ ಬದಿಯಲ್ಲಿ ಓದಿ. ಒಂದು ಬದಿಯಲ್ಲಿ ತಿರುಗುಮುರುಗಾಗಿದ್ದರೆ ಅರ್ಧ ಟೆಕ್ಸ್ಚರನ್ನೇ ಕನ್ನಡಿಯಂತೆ ಮಗುಚಿ ಬಳಸಿದ್ದಾರೆ ಎಂದರ್ಥ, ಅದು ಗುಪ್ತ ಸಂಕೇತವಲ್ಲ.

ಹಿನ್ನೆಲೆಯಲ್ಲಿ ಹುಡುಕಲು ಹೆಚ್ಚು ಹೊತ್ತು ಕೊಡಬೇಡಿ. 1999ರ ಹೋಮ್‌ವರ್ಲ್ಡ್ ಎಂಬ ಆಟದ ಬಣ್ಣದ ಆಕಾಶ ಫೋಟೊ ಚಿತ್ರವೇ ಅಲ್ಲ, ಆಕಾಶದ ಮಾಡೆಲ್ ಆಗಿರುವ ಜಾಲರಿಯ ಬಿಂದುಗಳಿಗೆ ಬಣ್ಣ ಕೊಟ್ಟು ನಡುವೆ ಹರಡಿಸಿದ್ದು. ಆ ಹರವಿನಲ್ಲಿ ಪುಟ್ಟ ವಸ್ತು ಅಡಗಲು ಜಾಗವೇ ಇಲ್ಲ. ದೂರದ ಚುಕ್ಕಿ ಹಿನ್ನೆಲೆಯದೋ ನಿಜವಾದ ವಸ್ತುವೋ ತಿಳಿಯಲು ಕ್ಯಾಮೆರಾವನ್ನು ತಿರುಗಿಸದೆ ಪಕ್ಕಕ್ಕೆ ಸರಿಸಿ. ಉಳಿದ ನಕ್ಷತ್ರಗಳ ನಡುವೆ ಅದು ಜಾಗ ಬದಲಿಸಿದರೆ ವಸ್ತು, ಇಲ್ಲವಾದರೆ ಹೆಚ್ಚಾಗಿ ಹಿನ್ನೆಲೆ.

ಎರಡು ಚಿತ್ರ ಹೋಲಿಸುವುದು

ಖಗೋಳವಿಜ್ಞಾನಿ ಕ್ಲೈಡ್ ಟಾಂಬಾ 1930ರಲ್ಲಿ ಪ್ಲೂಟೊ ಹಿಡಿದದ್ದು ಜನವರಿ 23 ಮತ್ತು 29ರ ಎರಡು ಫೋಟೊ ಫಲಕಗಳನ್ನು ಒಂದರ ಬೆನ್ನಿಗೊಂದು ಮಿನುಗಿಸಿ ನೋಡಿ. ಅದೇ ವಿಧಾನ ಇಲ್ಲಿ ಚೆನ್ನಾಗಿ ನಡೆಯುತ್ತದೆ.

1. ಇಂಟರ್‌ಫೇಸ್ ಮರೆಮಾಡಿ, ಫೋಕಸ್ ಕೀ ಒತ್ತಿ ಕ್ಯಾಮೆರಾ ಸ್ಥಿರಮಾಡಿ, ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ.
2. ಕ್ಯಾಮೆರಾ ಮುಟ್ಟದೆ ಆಟವನ್ನು ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಮತ್ತೊಂದು ತೆಗೆಯಿರಿ.
3. ಅನಿಮೇಶನ್ ಇಲ್ಲದ ಚಿತ್ರವೀಕ್ಷಕದಲ್ಲಿ ಬಾಣದ ಕೀಲಿಯಿಂದ ಹಿಂದೆ ಮುಂದೆ ಮಾಡಿ. ಬದಲಾದದ್ದು ಕುಣಿಯುತ್ತದೆ.

ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎರಡನ್ನೂ ಲೇಯರ್‌ಗಳಾಗಿ ಇಟ್ಟು ಮೇಲಿನದಕ್ಕೆ ಡಿಫರೆನ್ಸ್ ಮೋಡ್ ಕೊಟ್ಟರೆ ಒಂದೇ ಥರ ಇರುವುದೆಲ್ಲ ಕಪ್ಪಾಗಿ ವ್ಯತ್ಯಾಸ ಮಾತ್ರ ಬೆಳಗುತ್ತದೆ. ಚಿತ್ರಗಳನ್ನು ಪಿಎನ್‌ಜಿಯಲ್ಲೇ ಉಳಿಸಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಣುಕಾಗಿ ಹಿಂಡುತ್ತದೆ, ಸಾಮಾನ್ಯವಾಗಿ ಬಣ್ಣದ ಸೂಕ್ಷ್ಮತೆಯನ್ನೂ ಇಳಿಸುತ್ತದೆ. ಒಂದೆರಡು ಪಿಕ್ಸೆಲ್‌ನ ಕೆಂಪು ದೀಪ ಅಲ್ಲಿ ಬೂದು ಚುಕ್ಕಿಯಾಗಬಹುದು.

ಮೋಸ ಮಾಡುವ ಗುರುತುಗಳು

ಎರಡು ಮೇಲ್ಮೈಗಳು ಒಂದೇ ಆಳದಲ್ಲಿ ಕೂತಾಗ ಪಟ್ಟೆಪಟ್ಟೆಯಾಗಿ ಮಿನುಗುವುದು ಜೆಡ್ ಫೈಟಿಂಗ್. ದೂರ ಹೆಚ್ಚಿದಂತೆ ಅದು ಜೋರಾಗುತ್ತದೆ, ನಿಜವಾದ ದೀಪ ತಾಳಬದ್ಧವಾಗಿ ಮಿನುಗುತ್ತದೆ. ನೀಹಾರಿಕೆಯ ಸುತ್ತ ಉಂಗುರಗಳಂತೆ ಕಾಣುವುದು ಬ್ಯಾಂಡಿಂಗ್, 8 ಬಿಟ್ ಬಣ್ಣದಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲು ಮಾತ್ರ ಇರುವುದರ ಫಲ. ನೆರಳಿನಲ್ಲಿ ಸಮಾಂತರ ಗೆರೆ ಮೂಡಿದರೆ ಷ್ಯಾಡೊ ಕ್ವಾಲಿಟಿ ಬದಲಿಸಿ ನೋಡಿ. ಗೆರೆಯೂ ಬದಲಾದರೆ ಅದು ವಿವರವಲ್ಲ.

ಕಡೆಯ ಅನುಮಾನವಿದ್ದರೆ ಆಟದ ಫೋಲ್ಡರಿನಲ್ಲಿ ಟೆಕ್ಸ್ಚರ್ ಫೈಲ್ ನೋಡಬಹುದು. ಸ್ಟೆಲಾರಿಸ್‌ನಲ್ಲಿ ಅವು ಜಿಎಫ್‌ಎಕ್ಸ್ ಫೋಲ್ಡರಿನಲ್ಲಿ ಡಿಡಿಎಸ್ ರೂಪದಲ್ಲಿವೆ, ಜಿಂಪ್‌ನಲ್ಲಿ ತೆರೆಯುತ್ತವೆ. ಬೇರೆಡೆಗೆ ನಕಲು ಮಾಡಿಕೊಂಡು ಆ ಪ್ರತಿಯನ್ನೇ ತೆರೆಯಿರಿ. ಮೂಲ ಫೈಲ್‌ಗಳನ್ನು ತಿದ್ದಿ ಉಳಿಸಿದರೆ ಆಟ ಕೆಡಬಹುದು. ಸಿಕ್ಕಿದ್ದನ್ನು ಬರೆದಿಡುವಾಗ ಆಟದ ಆವೃತ್ತಿ, ನಕ್ಷತ್ರದ ಹೆಸರು, ನೌಕೆಯ ಯಾವ ಬದಿ, ಬೆಳಕು ಯಾವ ಕಡೆಯಿಂದ ಎಂಬ ನಾಲ್ಕನ್ನೂ ಸೇರಿಸಿ. ಬೆಳಕಿನ ಕಡೆ ಬರೆಯದಿದ್ದರೆ ಉಬ್ಬು ಅಕ್ಷರವೊಂದನ್ನು ಮತ್ತೆ ಹುಡುಕುವುದು ಹೊಸದಾಗಿ ಹುಡುಕಿದಷ್ಟೇ ಕಷ್ಟ.