ತುಂಬ ವರ್ಷ ಆದ್ಮೇಲೆ ಪಾಪನಿವೇದನೆಗೆ ಹೋಗೋದು ಹೇಗೆ?

ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತಿಗೆ ಗಲ್ಫಿಂದ ಬಂದವರು, ಮದುವೆ ನಿಶ್ಚಯ ಆದವರು ತುಂಬ ಜನ ಕೇಳ್ತಾರೆ, ವರ್ಷಗಟ್ಟಲೆಯಿಂದ ಕುಮ್ಸಾರಕ್ಕೆ, ಅಂದ್ರೆ ಫಾದರ್ ಹತ್ರ ಪಾಪ ಹೇಳಿ ಕ್ಷಮೆ ಪಡೆಯುವ ಪಾಪನಿವೇದನೆಗೆ, ಹೋಗ್ಲಿಲ್ಲ, ಈಗ ಹೋದ್ರೆ ಫಾದರ್ ಬೈತಾರಾ, ಪ್ರಾರ್ಥನೆಯೂ ಮರ್ತು ಹೋಗಿದೆ ಅಂತ. ಧೈರ್ಯವಾಗಿ ಹೋಗಿ. "ಫಾದರ್, ಇಷ್ಟು ವರ್ಷ ಆಯ್ತು, ಕ್ರಮ ನೆನಪಿಲ್ಲ, ಹೇಳಿಕೊಡಿ" ಅಂದ್ರೆ ಸಾಕು, ಅವರೇ ಕೇಳ್ತಾ ಹೋಗ್ತಾರೆ.

ಮೊದ್ಲು ಮನೆಯಲ್ಲೇ ಸ್ವಲ್ಪ ಹೊತ್ತು ಕೂತು ಬೈಬಲಿನ ಹತ್ತು ಕಟ್ಟಳೆ ಒಂದೊಂದೇ ಓದಿ ಯೋಚಿಸಿ. ವಿಷಯ ಗಂಭೀರವಾಗಿದ್ದು, ಅದು ತಪ್ಪು ಅಂತ ಚೆನ್ನಾಗಿ ಗೊತ್ತಿದ್ದು, ಸ್ವಂತ ಮನಸ್ಸಿಂದಲೇ ಮಾಡಿದ್ರೆ ಅದು ಮಾರಕ ಪಾಪ, ಅಂಥದ್ದನ್ನು ಎಂತದ್ದು, ಹೆಚ್ಚುಕಮ್ಮಿ ಎಷ್ಟು ಸಲ ಅಂತ ಹೇಳ್ಬೇಕು. "ನಾನು ತುಂಬ ಪಾಪಿ ಫಾದರ್" ಅಂತ ಒಟ್ಟಾರೆ ಹೇಳಿದ್ರೆ ಸಾಲದು, ಹಾಗಂತ ಕತೆಯೆಲ್ಲ ಬೇಡ, ಅತ್ತೆಯ ತಪ್ಪು ಗಂಡನ ತಪ್ಪಂತೂ ಬೇಡವೇ ಬೇಡ. ನಿಜವಾಗ್ಲೂ ಮರ್ತದ್ದಿದ್ರೆ ಅದಕ್ಕೂ ಕ್ಷಮೆ ಉಂಟು, ಗಂಭೀರವಾದದ್ದು ಆಮೇಲೆ ನೆನಪಾದ್ರೆ ಮುಂದಿನ ಸಲ ಹೇಳಿ. ಬೇಕೂಂತ ಮುಚ್ಚಿಟ್ರೆ ಮಾತ್ರ ಆ ಪಾಪನಿವೇದನೆಯೇ ಹಾಳು.

ದೇವರಿಗೆ ನೇರ ಹೇಳಿದ್ರೆ ಆಗುದಿಲ್ವಾ ಅಂತ ಕೇಳ್ತಾರೆ. ದಿನಾ ಹೇಳ್ಲೇಬೇಕು. ಆದ್ರೆ ಬೈಬಲಿನಲ್ಲಿ ಯೊವಾನ್ನ 20:23 ತೆಗ್ದು ನೋಡಿ, ಪುನರುತ್ಥಾನವಾದ ಯೇಸು ಶಿಷ್ಯರಿಗೇ ಕ್ಷಮಿಸುವ ಅಧಿಕಾರ ಕೊಟ್ಟದ್ದು, ಗುರುಗಳು ಆ ಅಧಿಕಾರದಿಂದ ಕೂತಿರ್ತಾರೆ.

ಎಲ್ಲದಕ್ಕಿಂತ ದೊಡ್ಡ ಹೆದರಿಕೆ ಇದು: ನಮ್ಮದು ಸಣ್ಣ ಊರು, ಫಾದರ್ ವಾರ್ಡಿನ ಮೀಟಿಂಗಿಗೆ ಬರ್ತಾರೆ, ನಮ್ಮನೆಯಲ್ಲೇ ಕಾಫಿ ಕುಡೀತಾರೆ, ನಾಳೆ ಮುಖ ನೋಡೋದು ಹೇಗೆ. ಕ್ಯಾಥೋಲಿಕ್ ಧರ್ಮಸಭೆಯ ಕಾನೂನು 983ರ ಪ್ರಕಾರ ಗುರುಗಳು ಮಾತಲ್ಲಾಗ್ಲಿ ಬೇರೆ ಯಾವ ರೀತಿಯಲ್ಲಾಗ್ಲಿ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಬಿಡುವ ಹಾಗಿಲ್ಲ, ಪೊಲೀಸರು ಕೇಳಿದ್ರೂ ಇಲ್ಲ, ಬಿಷಪ್ ಕೇಳಿದ್ರೂ ಇಲ್ಲ, ನೇರವಾಗಿ ಹೇಳಿಬಿಟ್ರೆ ಆ ಕ್ಷಣಕ್ಕೇ ಧರ್ಮಸಭೆಯಿಂದ ಬಹಿಷ್ಕಾರ. ಅಷ್ಟಾದ್ರೂ ಮನಸ್ಸು ಒಪ್ಪದಿದ್ರೆ ಬೇರೆ ಊರಿಗೆ ಹೋಗಿ, ಅದಕ್ಕೆ ನಾಚಿಕೆ ಬೇಡ. ನಮ್ಮ ಕಾಸರಗೋಡಿನಲ್ಲಿ ಬೇಳ, ಮಂಜೇಶ್ವರ, ವರ್ಕಾಡಿ ಕಡೆಯದ್ದು ಮಂಗಳೂರು ಧರ್ಮಪ್ರಾಂತ್ಯದ ಇಗರ್ಜಿಗಳು (ಚರ್ಚುಗಳು), ಮಲೆನಾಡ ಬದಿಯಲ್ಲಿ ಕೇರಳದ ಇನ್ನೊಂದು ಕ್ಯಾಥೋಲಿಕ್ ಸಭೆಯಾದ ಸಿರೋ ಮಲಬಾರ್ ಸಭೆಯವರದ್ದುಂಟು, ಅಲ್ಲಿ ಮಲಯಾಳಂ. ಅಲ್ಲಿ ಹೋದ್ರೂ ಪಾಪನಿವೇದನೆ ಪೂರ್ತಿ ಸರಿ, ನಮಗೆ ಬರುವ ಭಾಷೆ ಅವರಿಗೆ ಅರ್ಥ ಆಗ್ಬೇಕು ಅಷ್ಟೆ.

ಒಳಗೆ ಹೋಗಿ ಶಿಲುಬೆ ಗುರುತು ಹಾಕಿ, ಕಳೆದ ಸಲ ಯಾವಾಗ ಅಂತ ಹೇಳಿ, ಪಾಪಗಳನ್ನು ಹೇಳಿ, ಫಾದರ್ ಬುದ್ಧಿಮಾತು ಹೇಳಿ ಪ್ರಾಯಶ್ಚಿತ್ತ ಕೊಡ್ತಾರೆ, ಪಶ್ಚಾತ್ತಾಪದ ಜಪ ಬಾರದಿದ್ರೆ ಸ್ವಂತ ಮಾತಲ್ಲೇ ದೇವರತ್ರ ಕ್ಷಮೆ ಕೇಳಿ, ಅವರು ಕ್ಷಮೆಯ ಪ್ರಾರ್ಥನೆ ಹೇಳುವಾಗ ಸುಮ್ಮನೆ ಕೇಳಿ "ಆಮೆನ್" ಅನ್ನಿ. ಯಾರದ್ದಾದ್ರೂ ದುಡ್ಡು ತಿಂದಿದ್ರೆ ಅದನ್ನು ವಾಪಸ್ ಕೊಡ್ಲೇಬೇಕು, ಜಪ ಮಾಡಿ ಬಿಡುವ ವಿಷಯ ಅಲ್ಲ ಅದು.

ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಕೊನೇ ವಾರ ಲೈನ್ ಉದ್ದ ಇರ್ತದೆ, ಹಳೇ ಲೆಕ್ಕ ಇರುವವರು ಬೇರೆ ದಿನ ಫಾದರಿಗೆ ಫೋನ್ ಮಾಡಿ ಟೈಮ್ ಕೇಳಿ ಹೋಗಿ. ಕೊಟ್ಟ ಪ್ರಾಯಶ್ಚಿತ್ತ ಮಾತ್ರ ನಾಳೆಗೆ ಇಡ್ಬೇಡಿ, ಇಗರ್ಜಿಯಿಂದ ಹೊರಗೆ ಬರುವ ಮೊದ್ಲೇ ಮುಗಿಸಿ.