ಕಾಲಿನ ಸ್ನಾಯು ಹರ್ನಿಯಾ: ನಾನು ತೂತು ಹೊಲಿಯುವುದಿಲ್ಲ

ಕಾಲಿನಲ್ಲಿ ಸ್ನಾಯು ಹರ್ನಿಯಾ ಇದ್ದವರನ್ನು ಮಲಗಿಸಿ ಪರೀಕ್ಷೆ ಮಾಡಿದರೆ ಎಷ್ಟೋ ಸಲ ಕೈಗೆ ಏನೂ ಸಿಗುವುದಿಲ್ಲ. ನಿಲ್ಲಿಸಬೇಕು, ಪಾದ ಮೇಲಕ್ಕೆ ಎತ್ತಿಸಬೇಕು, ಆಗ ಉಬ್ಬು ಹೊರಬರುತ್ತದೆ. ಸ್ನಾಯುವನ್ನು ಬಿಗಿಯಾಗಿ ಸುತ್ತಿರುವ ಫ್ಯಾಸಿಯಾ ಎಂಬ ಪೊರೆಯಲ್ಲಿ ತೂತಾಗಿ ಸ್ನಾಯು ಇಣುಕುತ್ತದೆ, ಅಷ್ಟೇ. ಗಡ್ಡೆಯಲ್ಲ. ಹೆಚ್ಚಿನವರಿಗೆ ಇದನ್ನು ತಿಳಿಸಿ, ಬಿಗಿಯಾದ ಸ್ಟಾಕಿಂಗ್ ಕೊಟ್ಟರೆ ಸಾಕು. ನೋವಿಲ್ಲದ ಉಬ್ಬಿಗೆ ನಾನು ಆಪರೇಷನ್ ಮಾಡುವುದಿಲ್ಲ.

ನನ್ನ ಹತ್ತಿರ ಬಂದ ಒಬ್ಬ ಕಬಡ್ಡಿ ಆಡುವ ಹುಡುಗನದು ಬೇರೆ. ಓಡಿದರೆ ಕಣಕಾಲಿನ ಹೊರಬದಿಯಲ್ಲಿ ನೋವು, ಪಾದದ ಮೇಲೆ ಜೋಮು. ಸ್ಟಾಕಿಂಗ್, ವಿಶ್ರಾಂತಿ ಯಾವುದಕ್ಕೂ ಕಡಿಮೆ ಆಗಲಿಲ್ಲ. ಪಾದ ಆಡಿಸುತ್ತಾ ಅಲ್ಟ್ರಾಸೌಂಡ್ ಮಾಡಿಸಿದಾಗ ತೂತು ಚೆನ್ನಾಗಿ ಕಂಡಿತು.

ಅರಿವಳಿಕೆಗೆ ಮೊದಲೇ ಅವನನ್ನು ನಿಲ್ಲಿಸಿ ಉಬ್ಬಿನ ಸುತ್ತ ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿದೆ. ಮಲಗಿದ ಮೇಲೆ ಎಲ್ಲಿ ಅಂತ ಹುಡುಕೋದು, ಅಲ್ವಾ? ಚರ್ಮ ಬಿಡಿಸಿದರೆ ಬಿಳಿ ಪೊರೆ, ನಡುವೆ ತೂತು, ಅದರ ಗಟ್ಟಿ ಅಂಚಿಗೆ ಸಿಕ್ಕಿಕೊಂಡ ನರ. ಪಾದದ ಮೇಲ್ಭಾಗಕ್ಕೆ ಸ್ಪರ್ಶ ಕೊಡುವ ಸೂಪರ್ಫಿಶಿಯಲ್ ಪೆರೋನಿಯಲ್ ನರ ಹೊರಗಿನ ಗಿಣ್ಣಿನಿಂದ ಸುಮಾರು 10-12 ಸೆಂಟಿಮೀಟರ್ ಮೇಲೆ ಪೊರೆಯನ್ನು ದಾಟಿ ಹೊರಬರುತ್ತದೆ, ಆ ಜಾಗವೇ ಸ್ವಲ್ಪ ಬಲಹೀನ. ಜೋಮಿಗೆ ಕಾರಣ ಕಣ್ಣೆದುರೇ ಇತ್ತು. ನರವನ್ನು ಮೆಲ್ಲಗೆ ಬಿಡಿಸಿ, ಮೆತ್ತನೆಯ ಲೂಪ್ ಹಾಕಿ ಪಕ್ಕಕ್ಕೆ ಇಟ್ಟೆ.

ಈಗ ಆ ಎರಡು ಅಂಚು ಎಳೆದು ಹೊಲಿದುಬಿಡೋಣ ಅಂತ ಯಾರಿಗಾದರೂ ಅನಿಸುತ್ತದೆ. ದಯವಿಟ್ಟು ಬೇಡ. ಒಳಗೆ ಮೊದಲೇ ಜಾಗ ಕಡಿಮೆ, ಬಿಗಿಯಾಗಿ ಮುಚ್ಚಿದರೆ ಒತ್ತಡ ಏರಿ, ರಕ್ತ ಓಡಾಡದೆ ಸ್ನಾಯುವೇ ಸಾಯಬಹುದು. ಅದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಕಾಲನ್ನೇ ಕಳೆದುಕೊಳ್ಳುವ ಅಪಾಯ. ಹಾಗಾಗಿ ನಾನು ತೂತನ್ನು ಇನ್ನೂ ದೊಡ್ಡದು ಮಾಡುತ್ತೇನೆ: ಚರ್ಮದ ಕೆಳಗೆ ಉದ್ದನೆಯ ಕತ್ತರಿ ನಡೆಸಿ, ನರ ಎಲ್ಲಿದೆ ಅಂತ ಕಣ್ಣಲ್ಲೇ ಇಟ್ಟುಕೊಂಡು, ಪೊರೆಯನ್ನು ಮೇಲಕ್ಕೂ ಕೆಳಕ್ಕೂ ಉದ್ದಕ್ಕೆ ಸೀಳುತ್ತೇನೆ. ತೂತಿಗೆ ಮೆಶ್, ಅಂದರೆ ಬಲೆಯಂಥ ತೇಪೆ, ಹಾಕುವವರೂ ಇದ್ದಾರೆ. ಓಡಾಟವೇ ಜೀವನ ಆದವರಿಗೆ ಹೀಗೆ ಸೀಳುವುದೇ ಸರಿ ಅಂತ ನನಗೆ ಅನಿಸುತ್ತದೆ. ಕೊನೆಗೆ ಚರ್ಮಕ್ಕೆ ಮಾತ್ರ ಹೊಲಿಗೆ.

"ಉಬ್ಬು ಹೋಗಲ್ವಾ ಡಾಕ್ಟ್ರೇ?" ಅಂತ ಅವನು ಮೊದಲೇ ಕೇಳಿದ್ದ. ಹೋಗಲ್ಲ, ಜಾಸ್ತಿನೂ ಕಾಣಬಹುದು, ನೋವು ಹೋಗಬೇಕು ಅನ್ನೋದೇ ನಮ್ಮ ಗುರಿ ಅಂತ ನೇರವಾಗಿ ಹೇಳಿದ್ದೆ. ಇದನ್ನು ಆಪರೇಷನ್ನಿಗೆ ಮುಂಚೆ ಹೇಳಲೇಬೇಕು. ಆ ರಾತ್ರಿ ಸಿಸ್ಟರ್‌ಗೆ ಹೇಳಿದ್ದು ಒಂದೇ: ಕಾಲ್ಬೆರಳು ಮಡಚಿ ಎಳೆದಾಗ ಅವನು ಚೀರಿದರೆ ಅದು ಒಳಗೆ ಒತ್ತಡ ಏರುತ್ತಿರುವ ಸೂಚನೆ ಇರಬಹುದು, ಸುಮ್ನೆ ನೋವಿನ ಇಂಜೆಕ್ಷನ್ ಕೊಡಬೇಡಿ, ಎಷ್ಟೇ ಹೊತ್ತಾಗಿದ್ದರೂ ನನಗೆ ಫೋನ್ ಮಾಡಿ.