ಗುಂಗುರು ಹಿಡಿದ ಎಳೆ: ರತ್ನಗಂಬಳಿಯ ನೈಲಾನ್ ನೂಲು ತಯಾರಾಗುವ ಬಗೆ

ನೈಲಾನ್ ರತ್ನಗಂಬಳಿಯ ಅಂಚಿನಿಂದ ಒಂದು ಎಳೆಯನ್ನು ಬಿಡಿಸಿ ಬೆರಳುಗಳ ನಡುವೆ ಎಳೆದರೆ ಅದು ನೆಟ್ಟಗಾಗುತ್ತದೆ, ಬಿಟ್ಟೊಡನೆ ಮತ್ತೆ ಮುದುಡಿಕೊಳ್ಳುತ್ತದೆ. ಹಾಸು ಮೈದುಂಬಿಕೊಂಡು ಮೆತ್ತಗಿರುವುದೂ, ಕಾಲಿಟ್ಟಲ್ಲಿ ಕುಸಿದ ಎಳೆಗಳು ಮರಳಿ ಏಳುವುದೂ ಈ ಗುಂಗುರಿನಿಂದಲೇ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ರತ್ನಗಂಬಳಿಗೆ ಹೆಸರಾದ ಡಾಲ್ಟನ್ ಪಟ್ಟಣದ ಸುತ್ತಲಿನ ಕಾರ್ಖಾನೆಗಳು ಬಳಸುವ ಇಂಥ ನೂಲು ಹೀಗೆ ಸಿದ್ಧವಾಗುತ್ತದೆ.

ಮೊದಲು ನೈಲಾನ್ ಹರಳುಗಳನ್ನು ಒಣಗಿಸಬೇಕು. ತೇವ ಹೆಚ್ಚಿದ್ದರೆ ಕರಗುವಾಗ ಅದು ನೈಲಾನಿನ ಉದ್ದನೆಯ ಅಣುಗಳಾದ ಪಾಲಿಮರ್ ಸರಪಳಿಗಳನ್ನೇ ತುಂಡರಿಸಿ ಎಳೆಯ ಬಲ ಕುಂದಿಸುತ್ತದೆ. ನೈಲಾನಿನ ಎರಡು ಬಗೆಗಳಲ್ಲಿ ನೈಲಾನ್ 6 ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೈಲಾನ್ 6,6 ಸುಮಾರು 260 ಡಿಗ್ರಿಯಲ್ಲಿ ಕರಗುವುದರಿಂದ, ಹರಳುಗಳನ್ನು ಕರಗಿಸಿ ಮುಂದೆ ದೂಡುವ ಎಕ್ಸ್‌ಟ್ರೂಡರ್ ಯಂತ್ರದ ಶಾಖವನ್ನು ಅದಕ್ಕಿಂತ ಮೇಲಿಟ್ಟು, ಕರಗಿದ್ದನ್ನು ಸೋಸಿ, ಸ್ಪಿನ್ನರೆಟ್ ಎಂಬ ತೂತುಗಳ ಬಿಲ್ಲೆಯ ಮೂಲಕ ಒತ್ತುತ್ತಾರೆ. ಚಕ್ಕುಲಿ ಒರಳಿನ ನಕ್ಷತ್ರದ ತೂತು ಹಿಟ್ಟಿಗೆ ಏಣು ಕೊಡುವಂತೆ, ಇಲ್ಲಿ ಮೂರು ಕವಲಿನ ತೂತು ಎಳೆಗೆ ಮೂರು ಏಣು ಕೊಡುತ್ತದೆ. ಏಣುಗಳು ಬೆಳಕನ್ನು ಚದುರಿಸುವುದರಿಂದ ಅಂಟಿದ ಕೊಳೆ ಬೇಗ ಕಣ್ಣಿಗೆ ಬೀಳುವುದಿಲ್ಲ.

ತಂಪು ಗಾಳಿಯಲ್ಲಿ ಗಟ್ಟಿಯಾದ ಎಳೆಗಳಿಗೆ ಎಣ್ಣೆಯ ಲೇಪ ಕೊಟ್ಟು, ಒಂದಕ್ಕಿಂತ ಒಂದು ವೇಗವಾಗಿ ತಿರುಗುವ ಬಿಸಿ ರೋಲರ್‌ಗಳ ಮೇಲೆ ಹಾಯಿಸಿ, ಸುಮಾರು ಮೂರು ಪಟ್ಟು ಉದ್ದಕ್ಕೆ ಹಿಗ್ಗಿಸುತ್ತಾರೆ.

ಗುಂಗುರು ಹಿಡಿಯುವುದು ಇದರ ನಂತರ. ಬಿಸಿ ಗಾಳಿ ಅಥವಾ ಹಬೆ ಎಳೆಗಳನ್ನು ಇಕ್ಕಟ್ಟಾದ ಕೊಳವೆಯೊಳಕ್ಕೆ ರಭಸದಿಂದ ದೂಡುತ್ತದೆ. ಮುಂದೆ ವೇಗ ತಗ್ಗಿ ಅವು ಒಂದರ ಮೇಲೊಂದು ಮಡಚಿಕೊಂಡು ಬಿದ್ದು, ಹಗ್ಗದಂಥ ಒತ್ತಾದ ಕಂತೆಯಾಗಿ ಹೊರಬರುತ್ತವೆ. ನಿಧಾನವಾಗಿ ತಿರುಗುವ ತೂತಿನ ಡ್ರಮ್ಮಿನ ಮೇಲೆ ಈ ಕಂತೆ ಮಲಗಿ, ಡ್ರಮ್ಮು ಒಳಗೆಳೆಯುವ ಗಾಳಿಗೆ ತಣಿಯುತ್ತದೆ. ಇಡೀ ಕೆಲಸದ ಜೀವ ಇಲ್ಲಿದೆ ಎಂದೇ ನನ್ನ ಅಭಿಪ್ರಾಯ. ಪೂರ್ತಿ ತಣಿಯುವ ಮೊದಲೇ ಕಂತೆಯನ್ನು ಬಿಡಿಸಿ ಎಳೆದರೆ ಮಡಿಕೆಗಳು ಅಳಿಸಿಹೋಗುತ್ತವೆ. ಶಾಖ ಒಂದೇ ಸಮನಾಗಿರದಿದ್ದರೆ ಗುಂಗುರೂ ಹೆಚ್ಚುಕಡಿಮೆಯಾಗಿ, ಬಣ್ಣ ಹಾಕಿದ ಮೇಲೆ ಹಾಸಿನ ಉದ್ದಕ್ಕೂ ಗೆರೆಗಳು ಏಳುತ್ತವೆ.

ತಣಿದ ಎಳೆಗಳನ್ನು ಗಾಳಿಯ ಹೊಡೆತದಿಂದ ಅಲ್ಲಲ್ಲಿ ತೊಡರಿಸಿ ಬಾಬಿನ್‌ಗೆ ಸುತ್ತುತ್ತಾರೆ. ಮೇಲೆದ್ದ ಎಳೆಗಳ ತುದಿ ಕತ್ತರಿಸಿದ ರತ್ನಗಂಬಳಿಗಾದರೆ ಎರಡು ನೂಲುಗಳನ್ನು ಹುರಿಮಾಡಿ ಹಬೆಗೆ ಒಡ್ಡಲೇಬೇಕು, ಇಲ್ಲವಾದರೆ ಹುರಿ ನಿಲ್ಲದೆ ತುದಿಗಳು ಬಿಚ್ಚಿಕೊಳ್ಳುತ್ತವೆ. ಬಾಬಿನ್ನಿನ ಬಿಗಿತದಲ್ಲಿ ಅಡಗಿದ್ದ ಗುಂಗುರು ಆ ಹಬೆಗೆ ಮತ್ತೆ ಅರಳಿ, ಸಪೂರಾಗಿದ್ದ ನೂಲು ಉಬ್ಬಿಕೊಳ್ಳುತ್ತದೆ.